ಮೊದಲು ಮೇಡಂಗೆ ಕೇಳಿ

ಡಾ. ಭಾರ್ಗವರಿಗೆ ಸಿಟ್ಟು ಬಂದಷ್ಟೂ ದನಿ ತಗ್ಗುತ್ತದೆ. ಇದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಚೂಡಾಮಣಿ ಮೂರನೇ ಮಹಡಿಯಲ್ಲಿ ಲಿಫ್ಟಿನಿಂದ ಹೊರಗೆ ಕಾಲಿಟ್ಟಾಗ, ನೆಂಟರಿಷ್ಟರು ಬಂದು ಹೋಗುವ ಹೊತ್ತಿನಲ್ಲೂ ವಾರ್ಡು ಸದ್ದಿಲ್ಲದೆ ಇರುವುದನ್ನು ಕಂಡೇ ಹೆಜ್ಜೆ ಚುರುಕುಗೊಳಿಸಿದಳು.

ಜೆ.ಪಿ. ನಗರದ ಆ ಆಸ್ಪತ್ರೆಗೆ ಅವಳು ನರ್ಸಿಂಗ್ ಸೂಪರಿಂಟೆಂಡೆಂಟ್. ಕೆಳಗೆ ಹೊಸದಾಗಿ ಸೇರುವವರ ಇಂಟರ್‌ವ್ಯೂ ಮಾಡುತ್ತಿದ್ದವಳಿಗೆ ವಾರ್ಡಿನ ಹಿರಿಯ ನರ್ಸ್ ಇಂಚರ ಫೋನ್ ಮಾಡಿ, "ಮೇಡಂ, ಭಾರ್ಗವ ಸಾರ್ ಬಂದಿದಾರೆ. ನೀವು ಬಂದ್ರೆ ಒಳ್ಳೇದು" ಎಂದಷ್ಟೇ ಹೇಳಿದ್ದಳು.

ಗಂಗಾಧರಯ್ಯನವರ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಅವರಿಗೆ ಎರಡು ದಿನದ ಹಿಂದೆ ಭಾರ್ಗವರೇ ಕರುಳಿನ ಆಪರೇಷನ್ ಮಾಡಿದ್ದರು. ಈಗ ಅದೇ ಭಾರ್ಗವ ಹೊದಿಕೆಯ ಒಂದು ತುದಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನಿಂತಿದ್ದರು. ಎದುರಿಗೆ ಸೌಮ್ಯ. ವಾರ್ಡಿಗೆ ಬಂದು ಎರಡು ವರ್ಷವಾಗಿದ್ದ ನರ್ಸ್.

"ನೋಡಿ ಮೇಡಂ, ನೀವೂ ನೋಡಿ," ಎಂದರು ಭಾರ್ಗವ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಮಂಚದ ಪಕ್ಕಕ್ಕೆ, ಕೆಳಗೆ ನೇತಾಡಬೇಕಿದ್ದ ಯೂರಿನ್ ಬ್ಯಾಗು ಹಾಸಿಗೆಯ ಮೇಲೆ, ಗಂಗಾಧರಯ್ಯನವರ ಮೊಣಕಾಲ ಹತ್ತಿರ ಮಲಗಿತ್ತು. ಟ್ಯೂಬು ಅವರ ತೊಡೆಯ ಅಡಿಯಲ್ಲಿ ಮಡಚಿಕೊಂಡು ಸಿಕ್ಕಿಬಿದ್ದಿತ್ತು. ಭಾರ್ಗವ ಟ್ಯೂಬನ್ನು ಬಿಡಿಸಿ, ಬ್ಯಾಗನ್ನು ಕೆಳಗಿನ ಕೊಕ್ಕೆಗೆ ಸಿಕ್ಕಿಸಿದರು. ತಡೆದು ನಿಂತಿದ್ದ ಮೂತ್ರ ಹರಿದು ಬ್ಯಾಗು ತುಂಬತೊಡಗಿತು. ಗಂಗಾಧರಯ್ಯನವರ ಹಣೆಯ ಗಂಟು ಸಡಿಲವಾಯಿತು.

"ಅಬ್ಬಾ, ಈಗ ಜೀವ ಬಂತು," ಎಂದರು ಅವರು.

"ಬೀಗರು ಬಂದಿದ್ರು ಡಾಕ್ಟ್ರೇ," ಎಂದರು ಅವರ ಹೆಂಡತಿ ವಿಮಲಾ, ಸೆರಗಿನ ತುದಿ ಹಿಂಡುತ್ತಾ. "ಮಗಳ ಅತ್ತೆ ಮಾವ ಎದುರಿಗೇ ಕೂತಿದಾರೆ, ಆ ಬ್ಯಾಗು ಎಲ್ಲರ ಕಣ್ಣಿಗೂ ಬೀಳೋ ಹಾಗೆ ನೇತಾಡ್ತಿದೆ. ಹೇಗೆ ಬಿಡೋದು ಹೇಳಿ? ಮೇಲೆತ್ತಿ ಶಾಲು ಹೊದಿಸ್ದೆ."

"ನಾನು ಬೇಡ ಅಂದೆ. ನನ್ನ ಮಾತು ಯಾರು ಕೇಳ್ತಾರೆ," ಎಂದರು ಗಂಗಾಧರಯ್ಯ.

"ನೋವು ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ ನೀವು," ಎಂದರು ವಿಮಲಾ.

"ಬೀಗರ ಮುಂದೆ ಏನಂತ ಹೇಳ್ಲಿ?"

ಭಾರ್ಗವ ಸೌಮ್ಯಳ ಕಡೆ ತಿರುಗಿದರು. "ಪಲ್ಸ್ ಜಾಸ್ತಿ, ಬೆವರು, ಹೊಟ್ಟೆ ಬಿಗಿ. ಒಳಗೆ ಬ್ಲೀಡಿಂಗ್ ಇರಬಹುದು ಅಂತ ಫೋನಲ್ಲಿ ಅಂದ್ರಿ. ನಾನು ಜಯನಗರದ ಕ್ಲಿನಿಕ್ಕಲ್ಲಿ ಪೇಷಂಟ್ಸ್‌ನ ಕೂರಿಸಿ ಓಡಿಬಂದೆ. ದಾರೀಲೇ ಆಪರೇಷನ್ ಥಿಯೇಟರ್ ರೆಡಿ ಮಾಡಿಸ್ದೆ. ಟ್ಯೂಬ್ ನೋಡಬೇಕು ಅಂತ ಕಾಲೇಜಲ್ಲಿ ಹೇಳಿಕೊಡಲಿಲ್ವಾ ಸಿಸ್ಟರ್?"

ಸೌಮ್ಯಳ ಕಣ್ಣು ನೆಲದ ಮೇಲಿತ್ತು.

"ಐದು ಗಂಟೆಗೆ ಡೈರೆಕ್ಟರ್ ಸೇತುರಾಮ ಸಾರ್ ರೂಮಿಗೆ ಬನ್ನಿ ಮೇಡಂ," ಎಂದರು ಭಾರ್ಗವ ಚೂಡಾಮಣಿಗೆ. "ಈ ಪ್ರಯೋಗ ಇವತ್ತಿಗೆ ಮುಗೀತು."

ಅವರು ಹೋದ ಮೇಲೆ ಇಂಚರ ಹತ್ತಿರ ಬಂದು ಪಿಸುಗುಟ್ಟಿದಳು. "ನಿಮಗೊಂದು ಮಾತು ಕೇಳಿದ್ದಿದ್ರೆ ಆಗ್ತಿತ್ತು ಮೇಡಂ. ನಾನು ಹೇಳ್ದೆ ಅವಳಿಗೆ, ಮೇಡಂ ಕೆಳಗೇ ಇದಾರೆ, ಕೇಳು ಅಂತ."

ಆ ಮಾತು ನಿಜವಾಗಿತ್ತು. ಒಳಗೆ ರಕ್ತ ಹೋಗುತ್ತಿದ್ದರೆ ರೋಗಿಯ ಬಿಪಿ ಬೀಳಬೇಕು; ಬಿದ್ದಿಲ್ಲ, ಏರಿದೆ ಎಂದು ಕೇಳಿದ್ದರೆ ಸಾಕು, ಚೂಡಾಮಣಿಯ ಕೈ ತಾನಾಗಿ ಟ್ಯೂಬನ್ನು ಹುಡುಕಿಕೊಂಡು ಹೋಗುತ್ತಿತ್ತು. ಅದರಲ್ಲಿ ದೊಡ್ಡತನವೇನೂ ಇಲ್ಲ, ವರ್ಷಗಟ್ಟಲೆ ಮಾಡಿದ ಅಭ್ಯಾಸ ಅಷ್ಟೆ. ಆದರೆ ಇಂಚರಳ ಮಾತು ನಿಜವಾಗಿತ್ತು ಎನ್ನುವುದೇ ಅವಳಿಗೆ ಭಯ ಹುಟ್ಟಿಸಿತು.

'ಮೊದಲು ಮೇಡಂಗೆ ಕೇಳಿ' ಎಂಬ ನಿಯಮವನ್ನು ಆ ಆಸ್ಪತ್ರೆಯಲ್ಲಿ ಯಾರೂ ಮಾಡಿರಲಿಲ್ಲ. ಅದು ತಾನಾಗಿ ಬೆಳೆದಿತ್ತು. ಕುಣಿಗಲ್ ಕಡೆಯ ಹುಡುಗಿ ಚೂಡಾಮಣಿ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಚಿಕ್ಕಲಸಂದ್ರಕ್ಕೆ ಬಂದು, ಈ ಆಸ್ಪತ್ರೆಗೆ ಸೇರಿದಾಗ ಇಲ್ಲಿ ಒಂದೇ ಮಹಡಿ ಇತ್ತು. ಆಮೇಲೆ ಭಾರ್ಗವ ಬಂದರು. ಕೈ ಬಹಳ ಒಳ್ಳೆಯದು, ತಾಳ್ಮೆ ಕಡಿಮೆ. ಫೋನಿನಲ್ಲಿ ತಡವರಿಸುವ ನರ್ಸುಗಳ ಮಾತು ಪೂರ್ತಿ ಕೇಳದೆ ಇಟ್ಟುಬಿಡುತ್ತಿದ್ದರು. ಹುಡುಗಿಯರು ಅಳುತ್ತಾ ಚೂಡಾಮಣಿಯ ಹತ್ತಿರ ಬರುತ್ತಿದ್ದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಸಾಲಾಗಿ ಜೋಡಿಸಿ, ತಾನೇ ಫೋನ್ ಮಾಡುತ್ತಿದ್ದಳು. ಮೊದಲು ನಾಡಿ, ಬಿಪಿ, ಆಮೇಲೆ ಏನಾಗಿದೆ, ಕೊನೆಗೆ ಅವರು ಬರಬೇಕೋ ಬೇಡವೋ. ಭಾರ್ಗವ ಬರುತ್ತಿದ್ದರು. ಬೇರೆ ಡಾಕ್ಟರುಗಳಿಗೂ ಇದು ರುಚಿಸಿತು. ಚೂಡಾಮಣಿಯ ಕಾಲ್ ಅಂದರೆ ಸುಮ್ಮಸುಮ್ಮನೆ ಬರುವ ಕಾಲ್ ಅಲ್ಲ ಎಂಬ ಹೆಸರು ಬಂತು. ವರ್ಷ ಕಳೆದಂತೆ ವಾರ್ಡಿನಿಂದ ಡಾಕ್ಟರಿಗೆ ಹೋಗುವ ಒಂದೊಂದು ಸುದ್ದಿಯೂ ಅವಳನ್ನು ದಾಟಿಯೇ ಹೋಗುವಂತಾಯಿತು.

"ನಿಮ್ಮ ಡಾಕ್ಟ್ರು ಏನು ದೇವರಾ?" ಎಂದು ಅವಳ ಗಂಡ ನೀಲಕಂಠಪ್ಪ ಕೇಳಿದ್ದ, ಊಟದ ತಟ್ಟೆ ಬಿಟ್ಟು ಅವಳು ಫೋನಿಗೆ ಎದ್ದಾಗ. "ಅರ್ಚಕರ ಮೂಲಕವೇ ಹೋಗಬೇಕಾ?"

ಅವಳು ನಕ್ಕಿದ್ದಳು. ಒಳಗೊಳಗೆ ಹಿತವೂ ಆಗಿತ್ತು.

ಕಳೆದ ವರಮಹಾಲಕ್ಷ್ಮಿ ಹಬ್ಬದ ದಿನ ಅವಳು ರಜೆ ಹಾಕಿದ್ದಳು. ಮನೆ ತುಂಬ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು. ಫೋನು ಒಳಕೋಣೆಯಲ್ಲಿ ಯಾರದೋ ವ್ಯಾನಿಟಿ ಬ್ಯಾಗುಗಳ ಅಡಿ ಸಿಕ್ಕಿಕೊಂಡಿತ್ತು. ಇತ್ತ ವಾರ್ಡಿನಲ್ಲಿ ಪಿತ್ತಕೋಶದ ಆಪರೇಷನ್ ಆಗಿದ್ದ ಒಬ್ಬಾಕೆಯ ನಾಡಿ ಏರುತ್ತಿತ್ತು, ಬಿಪಿ ಇಳಿಯುತ್ತಿತ್ತು. ಇಂಚರ ಅದನ್ನು ಗುರುತಿಸಿದ್ದಳು. ಗುರುತಿಸಿ, ಚೂಡಾಮಣಿಗೆ ಫೋನ್ ಮಾಡಿದಳು. ಮತ್ತೆ ಮಾಡಿದಳು. ಭಾರ್ಗವರ ನಂಬರೂ ಅವಳ ಹತ್ತಿರ ಇತ್ತು. ಅವಳು ಕಾದಳು. ತಾಂಬೂಲ ಕೊಟ್ಟು ಮುಗಿಸಿ ಫೋನ್ ನೋಡಿದ ಚೂಡಾಮಣಿ ಸೀರೆಯಲ್ಲೇ ಸ್ಕೂಟರ್ ಹತ್ತಿ ಬಂದಳು. ರೋಗಿ ಬದುಕಿಕೊಂಡಳು, ಆದರೆ ಐಸಿಯುವಿನಲ್ಲಿ ಬಹಳ ದಿನ ಇರಬೇಕಾಯಿತು. ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಬಂದ ಕ್ಷಣದಲ್ಲೇ ಹಿಡಿದುಬಿಟ್ಟರು ಎಂದು.

ಆ ಚಪ್ಪಾಳೆ ಚೂಡಾಮಣಿಗೆ ಅರಗಲಿಲ್ಲ. ತಾನು ಹಿಡಿದದ್ದೇನು? ವಾರ್ಡಿನಲ್ಲಿ ಗೊತ್ತಿದ್ದ ಸಂಗತಿಯೇ ತನಗಾಗಿ ಬಾಗಿಲಲ್ಲಿ ಕಾದು ನಿಂತಿತ್ತು.

ಅದಾದ ಮೇಲೆ ಅವಳು ಹೊಸ ಪದ್ಧತಿ ತಂದಳು. ರೋಗಿಯ ಪಕ್ಕ ಯಾರಿದ್ದಾರೋ ಅವರೇ ಡಾಕ್ಟರಿಗೆ ಫೋನ್ ಮಾಡಬೇಕು. ಟೀ ಹೊತ್ತಿನಲ್ಲಿ ಊಟದ ಕೋಣೆಯಲ್ಲಿ ಅಭ್ಯಾಸ ನಡೆಯಿತು. ಚೂಡಾಮಣಿಯೇ ಭಾರ್ಗವ ಆಗುತ್ತಿದ್ದಳು.

"ಯಾರ್ರೀ ಅದು? ಊಟಾನೂ ಮಾಡೋಕೆ ಬಿಡಲ್ವಾ?"

"ಮೇಡಂ, ಸಾರ್ ಇಷ್ಟು ಜೋರಾಗಿ ಮಾತಾಡಲ್ಲ," ಎನ್ನುತ್ತಿದ್ದಳು ಇಂಚರ. "ಇನ್ನೂ ಮೆತ್ತಗೆ. ಅದೇ ಭಯ ಆಗೋದು."

ಎಲ್ಲರಿಗಿಂತ ಬೇಗ ಕಲಿತವಳು ಸೌಮ್ಯ. ಕುಮಾರಸ್ವಾಮಿ ಲೇಔಟ್ ಆಗುವುದಕ್ಕೆ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವಳದು. ಈಗ ಅವಳ ಅಪ್ಪ ಬೈರಣ್ಣನ ಕಟ್ಟಡದ ತುಂಬ ಬಾಡಿಗೆದಾರರು. "ಓನರ್ ಮಗಳು, ಅವಳಿಗೇನು ಭಯ," ಎಂದು ಉಳಿದವರು ಚುಡಾಯಿಸುತ್ತಿದ್ದರು.

ಭಾರ್ಗವ ಒಪ್ಪಿದ್ದು ಮನಸ್ಸಿಲ್ಲದ ಮನಸ್ಸಿನಿಂದ. ಆಸ್ಪತ್ರೆಯ ನಿರ್ದೇಶಕ ಡಾ. ಸೇತುರಾಮರ ಮುಂದೆಯೇ ಹೇಳಿದ್ದರು: "ಒಂದು ಕಾಲ್ ಸುಳ್ಳಾಗಲಿ, ಅವತ್ತೇ ಇದು ನಿಲ್ಲುತ್ತೆ." ಆ ಒಂದು ಕಾಲ್ ಇವತ್ತು ಬಂದಿತ್ತು.

ಐದು ಗಂಟೆಗೆ ಚೂಡಾಮಣಿ ನಿರ್ದೇಶಕರ ಕೋಣೆಗೆ ಹೋದಾಗ ಭಾರ್ಗವ ಆಗಲೇ ಕೂತಿದ್ದರು. ಸೌಮ್ಯಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು.

"ಮೊದಲು ಕಾಫಿ ತಗೊಳ್ಳಿ, ಆಮೇಲೆ ಜಗಳ ಆಡೋಣ," ಎಂದರು ಸೇತುರಾಮ. ಯಾರ ಮನಸ್ಸನ್ನೂ ನೋಯಿಸದೆ ಆಸ್ಪತ್ರೆ ನಡೆಸಬಹುದೆಂದು ನಂಬಿದ್ದ ಮನುಷ್ಯ.

ಭಾರ್ಗವ ಕಾಫಿ ಮುಟ್ಟಲಿಲ್ಲ. "ಆ ಹುಡುಗಿ ಮೇಲೆ ನನಗೆ ದ್ವೇಷ ಏನಿಲ್ಲ. ಒಂದು ವಾರ್ನಿಂಗ್ ಲೆಟರ್ ಕೊಡಿ, ಸ್ವಲ್ಪ ದಿನ ವಾರ್ಡ್ ಬಿಡಿಸಿ ಓಪಿಡಿಗೆ ಹಾಕಿ. ಕಾಲ್‌ಗಳೆಲ್ಲ ಮೊದಲಿನ ಹಾಗೆ ಚೂಡಾಮಣಿ ಮೇಡಂ ಮೂಲಕವೇ ಬರಲಿ. ಅವರು ಇದ್ದಿದ್ರೆ ಇವತ್ತು ಇದು ಆಗ್ತಿತ್ತಾ? ಅವರೇ ಹೇಳಲಿ."

"ಅದನ್ನೇ ನಾನೂ ಯೋಚಿಸ್ತಿದ್ದೆ," ಎಂದರು ಸೇತುರಾಮ. "ಇಷ್ಟು ದಿನ ಬಾಯಿಮಾತಲ್ಲಿ ನಡೀತಿತ್ತು. ಈಗ ಅದನ್ನ ನಿಯಮ ಮಾಡಿಬಿಡೋಣ. ಮೇಡಂ ಒಪ್ಪದೆ ಯಾವ ಡಾಕ್ಟ್ರಿಗೂ ವಾರ್ಡಿಂದ ಕಾಲ್ ಹೋಗಬಾರದು. ಅದಕ್ಕೆ ತಕ್ಕ ಹುದ್ದೆ ಕೊಡೋಣ. ಮೆಡಿಕಲ್ ಕಮಿಟಿಯಲ್ಲಿ ನೀವೂ ಕೂರ್ತೀರಿ ಚೂಡಾಮಣಿ. ನರ್ಸಿಂಗ್ ಕಡೆಯಿಂದ ಇವತ್ತಿನವರೆಗೆ ಯಾರೂ ಕೂತಿಲ್ಲ."

ಆ ಕುರ್ಚಿಗಾಗಿ ಅವಳು ಎರಡು ಸಲ ಕೇಳಿದ್ದಳು. ಎರಡು ಸಲವೂ 'ಮುಂದೆ ನೋಡೋಣ' ಎಂದಿದ್ದರು. ಈಗ ಅದು ಕಾಫಿಯ ಜೊತೆಗೆ ಟ್ರೇಯಲ್ಲಿ ಬಂದಿತ್ತು. ತೆಗೆದುಕೊಂಡರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅಲ್ಲಿ ಕೂತು ನರ್ಸುಗಳಿಗಾಗಿ ಎಷ್ಟೋ ಕೆಲಸ ಮಾಡಿಸಬಹುದಿತ್ತು. ಬಾಗಿಲಿನ ಗಾಜಿನ ಆಚೆ ಸೌಮ್ಯಳ ತಲೆಯ ಹಿಂಭಾಗ ಕಾಣುತ್ತಿತ್ತು. ಕದಲದೆ ಕೂತಿದ್ದಳು.

"ನಾನಿದ್ದಿದ್ರೆ ಟ್ಯೂಬ್ ನೋಡ್ತಿದ್ದೆ ಸಾರ್," ಎಂದಳು ಚೂಡಾಮಣಿ. "ಸೌಮ್ಯ ನೋಡ್ಲಿಲ್ಲ. ಅದು ತಪ್ಪು, ಅದನ್ನ ನಾನು ತಿದ್ದುತೀನಿ. ಫೋನ್ ಮಾಡಿದ್ದು ತಪ್ಪಲ್ಲ."

"ಎರಡೂ ಒಂದೇ ಅಲ್ವಾ?" ಎಂದರು ಭಾರ್ಗವ.

"ಅಲ್ಲ ಸಾರ್. ನೀವು ಇಂಟರ್ನ್ಸ್‌ಗೆ ಅಪೆಂಡಿಕ್ಸ್ ಪಾಠ ಮಾಡ್ತೀರಲ್ಲ, ಡ್ರೆಸಿಂಗ್ ಟ್ರೇ ಹಿಡ್ಕೊಂಡು ನಾನೂ ಕೇಳಿದೀನಿ. ತೆಗೆದ ಅಪೆಂಡಿಕ್ಸ್ ಎಲ್ಲಾನೂ ಕೆಟ್ಟಿದ್ದೇ ಅಂತ ಬಂದ್ರೆ, ಆ ಸರ್ಜನ್ ಅಗತ್ಯಕ್ಕಿಂತ ಜಾಸ್ತಿ ಕಾಯ್ತಿದಾನೆ ಅಂತ ಅರ್ಥ. ನಡುನಡುವೆ ಒಂದು ಒಳ್ಳೇದೂ ಬರಬೇಕು. ಫೋನೂ ಹಾಗೇ."

"ಅದು ಸ್ಕ್ಯಾನ್ ಬರೋ ಮುಂಚಿನ ಮಾತು ಮೇಡಂ. ಹಳೇ ಕಾಲ ಹೀಗಿತ್ತು ಅಂತ ಹೇಳೋಕೆ ಆ ಪಾಠ."

"ನಮ್ಮ ಹುಡುಗೀರ ಕೈಯಲ್ಲಿ ಸ್ಕ್ಯಾನ್ ಇಲ್ಲ ಸಾರ್."

ಸೇತುರಾಮ ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು.

"ಹಬ್ಬದ ದಿನ ಇಂಚರಾಗೆ ಎಲ್ಲಾ ಗೊತ್ತಿತ್ತು," ಎಂದು ಮುಂದುವರಿಸಿದಳು ಚೂಡಾಮಣಿ. ಪದಗಳನ್ನು ಬಿಡಿಬಿಡಿಯಾಗಿ ಆಡಿದಳು. "ನನಗೋಸ್ಕರ ಕಾದಳು. ಆಮೇಲೆ ನೀವೆಲ್ಲ ನನ್ನ ಹೊಗಳಿದ್ರಿ. ಇವತ್ತು ಸೌಮ್ಯ ಕಾಯಲಿಲ್ಲ. ಅವಳಿಗೆ ಲೆಟರ್ ಹೋದ್ರೆ ನಾಳೆಯಿಂದ ಎಲ್ಲರೂ ಕಾಯ್ತಾರೆ. ನಾನು ಯಾವತ್ತೂ ಫೋನ್ ಎತ್ತುತೀನಿ ಅಂತ ಗ್ಯಾರಂಟಿ ಕೊಡೋಕಾಗಲ್ಲ ಸಾರ್. ಆ ಹುದ್ದೆ ನನಗೆ ಬೇಡ. ಲೆಟರ್ ಬರೀಲೇಬೇಕು ಅಂದ್ರೆ ನನ್ನ ಹೆಸರಿಗೆ ಬರೀರಿ. ನಾನು ಅದನ್ನ ತಗೊಂಡು, ಕೆಲಸ ಬಿಟ್ಟು ಮನೆಗೆ ಹೋಗ್ತೀನಿ."

"ಇದು ಬ್ಲ್ಯಾಕ್‌ಮೇಲ್ ಥರ ಇದೆ," ಎಂದರು ಭಾರ್ಗವ.

"ಸ್ವಲ್ಪ ಹಾಗೇ ಇದೆ ಸಾರ್."

ಸೇತುರಾಮ ಕೆಮ್ಮಿದರು. ಬೆಳಗ್ಗೆ ಹೇಳುತ್ತೇನೆ ಎಂದರು. ಭಾರ್ಗವ ಎದ್ದು ಹೊರಟರು. ಬೆಂಚಿನ ಮುಂದೆ ಹಾದು ಹೋಗುವಾಗ ಸೌಮ್ಯಳ ಕಡೆ ನೋಡಲಿಲ್ಲ.

ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಸೌಮ್ಯ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು. ಚೂಡಾಮಣಿ ಸಮಾಧಾನದ ಮಾತಿನಿಂದ ಶುರುಮಾಡಲಿಲ್ಲ.

"ಟ್ಯೂಬ್ ಯಾಕೆ ನೋಡ್ಲಿಲ್ಲ?"

"ಶಾಲು ಎತ್ತೋಕೆ ಹೋದೆ ಮೇಡಂ. ವಿಮಲಾ ಆಂಟಿ, 'ಜನ ಇದಾರಲ್ಲಮ್ಮ' ಅಂದ್ರು. ಬಿಟ್ಬಿಟ್ಟೆ."

"ಬೀಗರನ್ನ ಹೊರಗೆ ಕಳಿಸಬೇಕಿತ್ತು. ಭಾರ್ಗವ ಸಾರ್‌ಗೆ ಫೋನ್ ಮಾಡೋ ಧೈರ್ಯ ಇತ್ತು, ಅದಕ್ಕೆ ಇರಲಿಲ್ವಾ?"

"ಸಾರ್ ಆದ್ರೆ ಬೈದು ಬಿಡ್ತಾರೆ ಮೇಡಂ. ಬೀಗರು ಮನೆಮನೆಗೂ ಹೇಳ್ಕೊಂಡು ಬರ್ತಾರೆ."

ಇಬ್ಬರಿಗೂ ನಗು ಬಂತು. ಸೌಮ್ಯಳ ನಗು ಅರ್ಧಕ್ಕೇ ನಿಂತು ಕಣ್ಣು ತುಂಬಿತು. "ಅಪ್ಪಂಗೆ ಫೋನ್ ಮಾಡಿದ್ದೆ. 'ಯಾಕೆ ಯಾರ್ಯಾರ ಹತ್ರಾನೋ ಬೈಸ್ಕೊಂಡು ಬದುಕ್ತೀಯ, ಬಾಡಿಗೆ ಬರುತ್ತೆ, ಬಾ ಮನೆಗೆ' ಅಂತಿದಾರೆ."

"ನೀನೇನಂತೀಯ?"

"ಗೊತ್ತಿಲ್ಲ ಮೇಡಂ."

ನಾಳೆ ಬಾ ಎಂದು ಹೇಳುವುದು ಚೂಡಾಮಣಿಗೆ ಕಷ್ಟವಿರಲಿಲ್ಲ. ಹೇಳಿದ್ದರೆ ಸೌಮ್ಯ ಬರುತ್ತಲೂ ಇದ್ದಳು. ಹಾಗೆ ಬಂದರೆ ಅವಳು ಬಂದದ್ದು ಮೇಡಂ ಹೇಳಿದರೆಂದು. ಚೂಡಾಮಣಿ ಏನೂ ಹೇಳದೆ ಸ್ಕೂಟರ್ ಸ್ಟಾರ್ಟ್ ಮಾಡಿದಳು. ಮನೆ ತಲುಪುವವರೆಗೂ ಆ ಮೌನ ಸರಿಯೋ ತಪ್ಪೋ ಎಂದು ಗುದ್ದಾಡುತ್ತಲೇ ಇದ್ದಳು.

ಬೆಳಗ್ಗೆ ಸೇತುರಾಮರ ಫೋನ್ ಬಂತು. ಲೆಟರ್ ಬೇಡ ಅಂದರು. ಆದರೆ ಭಾರ್ಗವ ಒಪ್ಪಿದರೆ ಮಾತ್ರ ಹೊಸ ಪದ್ಧತಿ ಉಳಿಯಲಿ, ರೌಂಡ್ಸಿನಲ್ಲಿ ನೀವು ನೀವೇ ಮಾತಾಡಿಕೊಳ್ಳಿ ಎಂದರು. ಅವರ ತೀರ್ಮಾನಗಳು ಯಾವಾಗಲೂ ಹೀಗೆಯೇ ಇನ್ನೊಬ್ಬರ ಕೈಗೆ ಹೋಗುತ್ತಿದ್ದವು.

ಮೂರನೇ ಮಹಡಿಯಲ್ಲಿ ಸೌಮ್ಯ ಡ್ಯೂಟಿಗೆ ಬಂದಿದ್ದಳು. ಚೂಡಾಮಣಿ ಬೇಕೆಂದೇ ಗಂಗಾಧರಯ್ಯನವರ ಹಾಸಿಗೆಯ ಹತ್ತಿರ ಹೋಗಲಿಲ್ಲ. ಅವರ ನಾಡಿ, ಬಿಪಿ ಏನನ್ನೂ ನೋಡಲಿಲ್ಲ. ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುವುದು ತನ್ನಿಂದಾಗದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾರ್ಗವ ಬಂದರು. ಹಾಸಿಗೆಯ ಕಾಲ್ಬದಿಯಲ್ಲಿ ನಿಂತು, ಎಷ್ಟೋ ವರ್ಷಗಳಿಂದ ಮಾಡಿದ ಹಾಗೆ ಚೂಡಾಮಣಿಯ ಕಡೆ ನೋಡಿ ಕೇಳಿದರು, "ಹೇಳಿ ಮೇಡಂ, ಹೇಗಿದಾರೆ?"

ಸೌಮ್ಯ ಮಂಚದ ಆ ಕಡೆ ನಿಂತಿದ್ದಳು. ಇಂಚರ ಬಾಗಿಲಲ್ಲೇ ನಿಂತಳು. ವಿಮಲಾ ಕೂಡ ಶಾಲು ಮಡಚುವುದನ್ನು ನಿಲ್ಲಿಸಿದರು.

"ನನಗೆ ಗೊತ್ತಿಲ್ಲ ಸಾರ್," ಎಂದಳು ಚೂಡಾಮಣಿ.

ಆ ಮಾತನ್ನು ಭಾರ್ಗವ ಅವಳ ಬಾಯಿಂದ ಎಂದೂ ಕೇಳಿರಲಿಲ್ಲ. ಅವಳನ್ನೇ ನೋಡುತ್ತಾ ಕಾದರು. ಚೂಡಾಮಣಿ ಮಂಚದ ಕಂಬಿಯನ್ನು ಹಿಡಿದುಕೊಂಡಳು. ಸೌಮ್ಯ ಈಗ ಬಾಯಿ ತೆರೆಯದಿದ್ದರೆ ಎಲ್ಲ ಮುಗಿಯಿತು. ತೆರೆಯುವಂತೆ ಕಣ್ಣಲ್ಲಿ ಸನ್ನೆಯನ್ನೂ ಚೂಡಾಮಣಿ ಬೇಕೆಂದೇ ಮಾಡಲಿಲ್ಲ.

"ಸಾರ್, ಪಲ್ಸ್ ತೊಂಬತ್ತು," ಎಂದಳು ಸೌಮ್ಯ. "ಬಿಪಿ ನಾರ್ಮಲ್. ಜ್ವರ ಇಲ್ಲ. ಯೂರಿನ್ ಚೆನ್ನಾಗಿ ಬರ್ತಿದೆ, ಟ್ಯೂಬ್ ಪೂರ್ತಿ ಕೈಯಾಡಿಸಿ ನೋಡಿದೀನಿ."

ಭಾರ್ಗವ ತಲೆಯಾಡಿಸಿ ಮುಂದಿನ ಹಾಸಿಗೆಯ ಕಡೆ ತಿರುಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸೌಮ್ಯಳಿಗೆ ಯಾವ ಅಪಾಯವೂ ಇರಲಿಲ್ಲ.

"ಇನ್ನೊಂದು ವಿಷಯ ಸಾರ್. ಹೊಟ್ಟೆ ಎಡಗಡೆ ನಿನ್ನೆಗಿಂತ ಬಿಗಿ ಅನ್ನಿಸ್ತಿದೆ. ಖಚಿತವಾಗಿ ಹೇಳೋಕೆ ಗೊತ್ತಾಗ್ತಿಲ್ಲ. ನೀವು ಒಂದ್ಸಲ ಕೈಯಿಟ್ಟು ನೋಡಬೇಕು."

ಭಾರ್ಗವ ವಾಪಸು ಬಂದರು. ಅಂಗೈ ಉಜ್ಜಿ ಬಿಸಿಮಾಡಿಕೊಂಡು ಗಂಗಾಧರಯ್ಯನವರ ಹೊಟ್ಟೆಯ ಮೇಲಿಟ್ಟರು. ಅಲ್ಲಲ್ಲಿ ಒತ್ತಿದರು, ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಗ್ಯಾಸು," ಎಂದರು. "ಕರುಳು ಕೆಲಸ ಶುರುಮಾಡ್ತಿದೆ. ಬೇರೇನಿಲ್ಲ."

"ಅದನ್ನ ನಾನೇ ಹೇಳ್ತಿದ್ದೆ," ಎಂದರು ಗಂಗಾಧರಯ್ಯ. "ಯಾರೂ ಕೇಳ್ಲಿಲ್ಲ."

ಸೌಮ್ಯಳ ಮುಖ ಕಿವಿಯವರೆಗೂ ಕೆಂಪೇರಿತು. ಎರಡನೇ ಸಲವೂ ಅವಳ ಅನುಮಾನ ಸುಳ್ಳಾಗಿತ್ತು. ಭಾರ್ಗವ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಎರಡು ಹೆಜ್ಜೆ ನಡೆದವರು, ಏನೋ ಲೆಕ್ಕ ಹಾಕುವವರಂತೆ ನಿಂತರು.

"ಸಿಸ್ಟರ್, ಮಧ್ಯಾಹ್ನ ಇನ್ನೊಂದು ಸಲ ಮುಟ್ಟಿ ನೋಡಿ. ಇದಕ್ಕಿಂತ ಬಿಗಿ ಅನ್ನಿಸಿದ್ರೆ ಫೋನ್ ಮಾಡಿ."

ಸೌಮ್ಯ ಅಭ್ಯಾಸದಿಂದ ಚೂಡಾಮಣಿಯ ಕಡೆ ತಿರುಗಿದಳು.

"ನನಗೆ," ಎಂದರು ಭಾರ್ಗವ.